ಕನ್ನಡ–ಇಂಗ್ಲಿಷ್ ಜಾಲತಾಣಕ್ಕೆ ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್: ಯಾವುದು ಸೂಕ್ತ?

ಪ್ರಶ್ನೆ:
ನಮ್ಮ ಇತಿಹಾಸ ಸಂಘದ ಲೇಖನಗಳನ್ನು ಎರಡೂ ಭಾಷೆಗಳಲ್ಲಿ ಪ್ರಕಟಿಸುವ ಜಾಲತಾಣವೊಂದನ್ನು ಕಟ್ಟಬೇಕಾಗಿದೆ. ಲೇಖನ ಸೇರಿಸುವವರು ಕೋಡ್ ತಿಳಿಯದ ಹಿರಿಯ ಸದಸ್ಯರು, ನಿರ್ವಹಣೆಗೆ ನಾನೊಬ್ಬನೇ. ಬಲ್ಲವರು ಸಲಹೆ ನೀಡಬೇಕಾಗಿ ಕೋರುತ್ತೇನೆ.

ಉತ್ತರ 1:
ಮೂರೂ ಜಾಲತಾಣ ಕಟ್ಟಿ ನಿರ್ವಹಿಸಲು ಬಳಸುವ, ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶಗಳಾದುದರಿಂದ ಪರವಾನಗಿ ಶುಲ್ಕದ ಪ್ರಶ್ನೆ ಏಳುವುದಿಲ್ಲ. ವರ್ಡ್‌ಪ್ರೆಸ್ 2003ರಲ್ಲಿ ಬ್ಲಾಗಿಗಾಗಿಯೇ ಹುಟ್ಟಿದ್ದು. ಬರೆಯುವವರ ಅನುಕೂಲದಲ್ಲಿ ಉಳಿದೆರಡು ಅದಕ್ಕೆ ಸಾಟಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಉತ್ತರ 2:
ಅನುಕೂಲದ ಮಾತು ನಿಜ, ಆದರೆ ಇಲ್ಲಿ ತೊಡಕಿರುವುದು ಭಾಷೆಯಲ್ಲಿ. ಒಂದೇ ಲೇಖನದ ಎರಡು ಭಾಷಾರೂಪಗಳನ್ನು ಪರಸ್ಪರ ಜೋಡಿಸಲು ವರ್ಡ್‌ಪ್ರೆಸ್‌ನಲ್ಲಿ ಪಾಲಿಲ್ಯಾಂಗ್‌ನಂತಹ ಪ್ಲಗಿನ್ (ಹೆಚ್ಚುವರಿಯಾಗಿ ಸೇರಿಸುವ ಕಿರು ತಂತ್ರಾಂಶ) ಬೇಕಾಗುತ್ತದೆ. ಜೂಮ್ಲಾದಲ್ಲಿಯೂ 2015ರ ಡ್ರೂಪಲ್ 8ರಿಂದೀಚೆಗೆ ಡ್ರೂಪಲ್‌ನಲ್ಲಿಯೂ ಆ ಸೌಲಭ್ಯ ಮೂಲ ತಂತ್ರಾಂಶದಲ್ಲೇ ಇದೆ. ಶಾಸನ, ಕಾಲ, ಸ್ಥಳ ಎಂದು ಪ್ರತ್ಯೇಕ ಮಾಹಿತಿ ಕ್ಷೇತ್ರಗಳನ್ನು ರಚಿಸಿ ಅವುಗಳ ಆಧಾರದಲ್ಲಿ ಪಟ್ಟಿ ತೆಗೆಯುವುದಿದ್ದರೆ ಡ್ರೂಪಲ್‌ನಷ್ಟು ಸಮರ್ಥವಾದುದು ಈ ಮೂರರಲ್ಲಿ ಇನ್ನೊಂದಿಲ್ಲ. ಆದರೆ ಅದರ ನಿರ್ವಹಣೆ ಒಬ್ಬರಿಗೆ ಭಾರವೇ: ಡ್ರೂಪಲ್ 7ರ ಬೆಂಬಲ 2025ರ ಜನವರಿಯಲ್ಲಿ ಮುಗಿದಾಗ, ಅದರಲ್ಲೇ ಉಳಿದಿದ್ದವರು ಹೊಸ ಆವೃತ್ತಿಗೆ ಬರಲು ತಾಣವನ್ನು ಬಹುತೇಕ ಮರಳಿ ಕಟ್ಟಬೇಕಾಯಿತು.

ಪ್ರಶ್ನೆ ಕೇಳಿದವರು:
ಶಾಸನಗಳ ಪಟ್ಟಿ ಸದ್ಯಕ್ಕಿಲ್ಲ, ಬರೀ ಲೇಖನಗಳು.

ಉತ್ತರ 3:
ಹಾಗಿದ್ದರೆ ವರ್ಡ್‌ಪ್ರೆಸ್ ಮತ್ತು ಒಂದು ಭಾಷಾ ಪ್ಲಗಿನ್ ಸಾಕು. ಅಂದವಾಗಿದೆಯೆಂದು ಕಂಡ ಪ್ಲಗಿನ್‌ಗಳನ್ನೆಲ್ಲ ಸೇರಿಸಬೇಡಿ. ವರ್ಡ್‌ಪ್ರೆಸ್ ತಾಣಗಳ ಭದ್ರತಾ ಲೋಪಗಳಲ್ಲಿ ಹೆಚ್ಚಿನವು ಕಂಡುಬರುವುದು ಅವುಗಳಲ್ಲಿಯೇ.