ಸಹಾಯ ಬೇಕು: ಯೂನಿಯನ್ ಇರುವ ಏರ್‌ಲೈನ್‌ಗೆ ಹೋಗಲಾ, ಇಲ್ಲೇ ಇರಲಾ?

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಎ320 ವಿಮಾನದ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್. ಈಗಿನ ಕಂಪನಿಯಲ್ಲಿ ಪೈಲಟ್‌ಗಳ ಸಂಘ ಇಲ್ಲ. ಹಿಂದಿನ ರಾತ್ರಿ ರೋಸ್ಟರ್ (ಡ್ಯೂಟಿ ಪಟ್ಟಿ) ಬದಲಾದರೂ ಒಬ್ಬೊಬ್ಬರೇ ಹೋಗಿ ಗೋಗರೆಯಬೇಕು.

ಈಗ ಇನ್ನೊಂದು ಕಡೆಯಿಂದ ಆಫರ್ ಬಂದಿದೆ. ಸಂಬಳ ಸ್ವಲ್ಪ ಜಾಸ್ತಿ, ಹಳೆಯ ಯೂನಿಯನ್ನೂ ಇದೆ. ಆದರೆ ಸೀನಿಯಾರಿಟಿ ಪಟ್ಟಿಯಲ್ಲಿ ಕೊನೆಗೆ ಹೋಗಿ ನಿಲ್ಲಬೇಕು. ಕ್ಯಾಪ್ಟನ್ ಆಗುವುದು ಎಷ್ಟು ವರ್ಷ ಮುಂದೆ ಹೋಗುತ್ತೋ! ಮುಂದೆ ಕೆಲಸಗಾರರನ್ನು ಕಡಿಮೆ ಮಾಡಿದರೆ ಹೊಸಬರ ಕುತ್ತಿಗೆಗೇ ಮೊದಲು ಬರುತ್ತದೆ, ಅಲ್ವಾ?

ಯೂನಿಯನ್ ಇದ್ದರೆ ಸಾಕು ಅಂತಲೂ ಅನ್ನಿಸುವುದಿಲ್ಲ. ಜೆಟ್ ಏರ್‌ವೇಸ್ ಪೈಲಟ್‌ಗಳಿಗೆ ಗಟ್ಟಿ ಸಂಘವಿತ್ತು. 2019ರ ಏಪ್ರಿಲ್‌ನಲ್ಲಿ ವಿಮಾನಗಳೇ ನಿಂತ ಮೇಲೆ ಸಂಘ ತಾನೇ ಏನು ಮಾಡೀತು? ನಮ್ಮೂರಿನ ಕಿಂಗ್‌ಫಿಶರ್ 2012ರಲ್ಲಿ, ಗೋ ಫಸ್ಟ್ 2023ರಲ್ಲಿ ನಿಂತಿದ್ದೂ ಕಣ್ಣ ಮುಂದೆಯೇ ಇದೆ.

ಇನ್ನೊಂದು ತಲೆನೋವು ಕೆಲಸ ಬಿಡುವ ನೋಟಿಸ್. ವಿಮಾನಯಾನ ನಿಯಂತ್ರಕ ಡಿಜಿಸಿಎಯ 2017ರ ನಿಯಮದಂತೆ ಫಸ್ಟ್ ಆಫೀಸರ್ 6 ತಿಂಗಳು ಕೊಡಬೇಕು, ಕ್ಯಾಪ್ಟನ್ 1 ವರ್ಷ. ಈ 6 ತಿಂಗಳಲ್ಲಿ ಆ ಕಡೆಯವರು ಆಫರ್ ವಾಪಸ್ ತೆಗೆದುಕೊಂಡರೆ? ಮನೆ ಸಾಲದ ಕಂತು ಬೇರೆ.

ಹೀಗೆ ಕಂಪನಿ ಬದಲಿಸಿದವರು ಇಲ್ಲಿದ್ದೀರಾ? ರಜೆ, ಸಂಬಳದ ಜಗಳದಲ್ಲಿ ಯೂನಿಯನ್ ನಿಜವಾಗಿ ನಿಮ್ಮ ಪರ ನಿಂತಿತಾ, ಅಥವಾ ಸುಮ್ನೆ ಚಂದಾ ಕಟ್ಟಿದ್ದಷ್ಟೇನಾ? ಆಫರ್ ಪತ್ರದಲ್ಲಿ ಏನೇನು ಬರೆಸಿಕೊಳ್ಳಬೇಕು? ಶುಕ್ರವಾರದೊಳಗೆ ಉತ್ತರ ಕೊಡಬೇಕು, ದಯವಿಟ್ಟು ತಿಳಿಸಿ.