ಭಾವನ ಗಾಜಿನ ಗೋಡೆ

ನಮ್ಮ ಬೆಂಗ್ಳೂರ್ ಭಾವ ಮಾಜಾಳಿ ಹತ್ರ ಕಡಲ ಬದಿಗೆ 12 ಗುಂಟೆ ಜಾಗ ತಗೊಂಡಿದಾನೆ, ಈಗ ಮನೆ ಪ್ಲಾನ್ ಲ್ಯಾಪ್‌ಟಾಪಲ್ಲಿ ಇಟ್ಕೊಂಡು ಕಾರವಾರದಲ್ಲಿ ಸಿಕ್ಕಿದವ್ರಿಗೆಲ್ಲ ತೋರಿಸ್ತಾ ತಿರುಗ್ತಿದಾನೆ. ಮೊನ್ನೆ ಭಾನುವಾರ ನಮ್ಮನೆ ಜಗಲಿ ಪಾಳಿ. ಹೊರಗೆ ಆಷಾಢದ ಮಳೆ, ತಲೆ ಮೇಲೆ ಮೂರು ದಿನದಿಂದ ಒಣಗದ ಟವೆಲ್ಲು, ಮಧ್ಯ ಬನ್ಸು ಚಾ, ಸುತ್ತ ನಾನು, ಮಾಸ್ತರ್ರು, ಮೇಸ್ತ್ರಿ.

"ಪಶ್ಚಿಮದ ಗೋಡೆ ಪೂರ್ತಿ ಗಾಜು" ಅಂದ ಭಾವ. "ಹಾಸ್ಗೆಯಿಂದ ಏಳ್ದೇನೇ ಸೂರ್ಯಾಸ್ತ ನೋಡ್ಬೋದು."

"ಸೂರ್ಯ ಮುಳುಗೋ ಹೊತ್ನಲ್ಲಿ ಹಾಸ್ಗೇಲಿ ಎಂತ ಮಾಡ್ತೆ ಮಾರಾಯಾ?" ಅಂದ್ರು ಮಾಸ್ತರ್ರು.

ಭಾವ ಕೇಳಿಸ್ಕೊಳ್ಲಿಲ್ಲ. ಆರ್ಕಿಟೆಕ್ಟು ಜಾಗಕ್ಕೆ ಬಂದು, ಸೂರ್ಯ ಎಲ್ಲಿ ಮುಳುಗ್ತಾನೆ ಅಂತ ಫೋಟೋ ತೆಗ್ದು, ಸರಿಯಾಗಿ ಅದಕ್ಕೇ ಗುರಿ ಇಟ್ಟು ರೂಮು ಕೂರ್ಸಿದಾರಂತೆ. ಯಾವ ತಿಂಗ್ಳು ಬಂದಿದ್ರು ಅಂತ ಮಾಸ್ತರ್ರು ಕೇಳಿದ್ರು. ಡಿಸೆಂಬರು. ತಗಳಿ, ರಿಟೈರಾದ ಸೈನ್ಸ್ ಮಾಸ್ತರ್ರಿಗೆ ಇನ್ನೇನ್ ಬೇಕು, ತಟ್ಟೆ ಎಳ್ಕೊಂಡು ಒಂದು ಬನ್ಸ್ ಎತ್ತಿ ಸೂರ್ಯ ಮಾಡಿದ್ರು. ಡಿಸೆಂಬರಲ್ಲಿ ನೈರುತ್ಯದ ಕಡೆ ಸರಿದು ಮುಳುಗ್ತಾನೆ, ಜೂನಲ್ಲಿ ವಾಯವ್ಯದ ಕಡೆ, ನಮ್ಮೂರಲ್ಲಿ ಎರಡರ ನಡುವೆ ಹತ್ರಹತ್ರ 48 ಡಿಗ್ರಿ ವ್ಯತ್ಯಾಸ ಅಂತ ತೋರ್ಸಿ ಸೂರ್ಯನ್ನ ಚಾದಲ್ಲಿ ಅದ್ದಿ ತಿಂದ್ಬಿಟ್ರು. "ಜೂನಲ್ಲಿ ಅವ ನಿನ್ನ ಬಚ್ಚಲಮನೆ ಹಿಂದೆ ಮುಳುಗ್ತಾ. ಬೇಜಾರಿಲ್ಲ, ಜೂನಲ್ಲಿ ಹ್ಯಾಂಗೂ ಕಾಣೂದಿಲ್ಲ."

"ಜೂನಲ್ಲಿ ಕಾಣೂದು ಮಳೆ" ಅಂದ್ರು ಮೇಸ್ತ್ರಿ. "ಅದು ಇಲ್ಲಿ ಮೇಲಿಂದ ಬೀಳೂದಿಲ್ಲ ಸಾಹೇಬ್ರೆ, ಕಡಲ ಕಡೆಯಿಂದ ಅಡ್ಡ ಬರೂದು. ಬಾಗ್ಲು ತಟ್ಟೂದೂ ಇಲ್ಲ, ಸೀದಾ ಒಳಗೆ." ಅವರ ಅಪ್ಪನ ಕಾಲದಲ್ಲಿ ಮಳೆ ಶುರುವಾಗೋದ್ರೊಳಗೆ ಪಶ್ಚಿಮಕ್ಕೆ ತೆಂಗಿನ ಗರಿ ಹೆಣೆದ ಮಡ್ಲ ತಟ್ಟಿ ಕಟ್ಟಿ ಮನೇನೇ ಮುಚ್ತಿದ್ರಂತೆ. ಮುಚ್ಚೋ ಗೋಡೇನೇ ಭಾವ ತೆರೀತಾನೆ, ಅದೂ ಲಕ್ಷಗಟ್ಲೆ ಕೊಟ್ಟು.

ಉಪ್ಪುಗಾಳಿ ವಿಷ್ಯ ನಾನು ಬಾಯಲ್ಲಿ ಹೇಳ್ಲಿಲ್ಲ. ಎದ್ದು ಹೋಗಿ ನಮ್ಮ ಹಿಂದಿನ ಕಿಟಕಿಯ ಚಿಲಕ ಕೈಯಲ್ಲೇ ಕಿತ್ಕೊಂಡು ಬಂದು ಭಾವನ ಎದ್ರಿಗೆ ಇಟ್ಟೆ. ಹೆಬ್ಬೆರಳಲ್ಲಿ ಒತ್ತಿದ, ಹಪ್ಪಳದ ಹಾಗೆ ಪದರ ಪದರ ಎದ್ದು ಬಂತು, ಒಂದು ಚೂರು ಬನ್ಸ್ ತಟ್ಟೆಗೂ ಬಿತ್ತು. ಹಾಕ್ಸಿ ಮೂರ್ ವರ್ಷ ಆಗಿಲ್ಲ. ಸ್ಟೀಲ್ ಹಾಕೂದಾದ್ರೆ 316 ಗ್ರೇಡೇ ಹಾಕ್ಬೇಕು, ಅಂಗಡಿಯಲ್ಲಿ ಮಾಮೂಲಿ ಕೊಡೋ 304 ಇಲ್ಲಿ ಕಂದು ಚುಕ್ಕೆ ಹೊಡೀತದೆ, ಅಂದ್ರು ಮೇಸ್ತ್ರಿ.

ಅತ್ತೆ ಫೋನಲ್ಲಿ ವಾಸ್ತು ಬೇರೆ ಎತ್ತಿದಾರಂತೆ, ನೀರು ಈಶಾನ್ಯಕ್ಕೆ ಇರ್ಬೇಕು ಅಂತ. ಅರಬ್ಬಿ ಸಮುದ್ರ ಶಿಫ್ಟ್ ಮಾಡೋಕೆ ಎಷ್ಟಾಗ್ಬೋದು ಅಂತ ಮೇಸ್ತ್ರಿ ಹತ್ರ ಕೊಟೇಶನ್ ಕೇಳಿದ್ವಿ.

"ಸಿಆರ್‌ಝಡ್, ಅದೇ ಕಡಲ ಬದಿ ಕಟ್ಟೋದಕ್ಕಿರೋ ಸರ್ಕಾರಿ ನಿಯಮ, ನೋಡಿದ್ಯಾ?" ಅಂದೆ. ನೋಡಿದಾನೆ, ಟೇಪ್ ಹಿಡ್ದು ಅಳ್ದೂ ಆಗಿದೆ, ಆದ್ರೆ ಇಳಿತದ ಹೊತ್ತಲ್ಲಿ, ನೀರು ಎಲ್ಲಿತ್ತೋ ಅಲ್ಲಿಂದ! ಲೆಕ್ಕ ಹಿಡಿಯೋದು ಉಬ್ಬರದ ಗೆರೆಯಿಂದ ಮಾರಾಯಾ, ಅದು ಸರ್ಕಾರದ ನಕ್ಷೇಲಿ ಇರ್ತದೆ. 2011ರ ನಿಯಮದಲ್ಲಿ ಹಳ್ಳಿ ಕಡೆ 200 ಮೀಟರ್ ಒಳಗೆ ನಿನ್ನಂಥವ್ರಿಗೆ ಹೊಸ ಮನೆ ಇಲ್ಲ, 2019ರದ್ರಲ್ಲಿ ಜನದಟ್ಟಣೆ ಜಾಸ್ತಿ ಇರೋ ಹಳ್ಳಿಗೆ ಅದನ್ನ 50ಕ್ಕೆ ಇಳ್ಸಿದ್ರು, ಉಳಿದ ಹಳ್ಳಿಗೆ 200 ಹಾಗೇ ಇದೆ.

"ಹಾಗಾದ್ರೆ ಟಾಗೋರ್ ಹೆಂಗೆ..." ಅಂತ ಭಾವ ಶುರು ಮಾಡಿದ. "ಟಾಗೋರರು 1883ರಲ್ಲಿ ಬಂದವ್ರು, 22 ವರ್ಷದ ಹುಡುಗ, ಅಣ್ಣ ಇಲ್ಲಿ ಜಡ್ಜು. ಅಣ್ಣನ ಮನೇಲಿ ಉಂಡು ವ್ಯೂ ನೋಡಿ ಹೋದ್ರು, ಜಾಗ ತಗೊಳ್ಲಿಲ್ಲ" ಅಂದ್ರು ಮಾಸ್ತರ್ರು.

ಭಾವನ ಮುಖ ಸಣ್ಣದಾಯ್ತು, ನಂಗೂ ಪಾಪ ಅನ್ನಿಸ್ತು. ಯಾಕಂದ್ರೆ ಸಮುದ್ರ ಕಾಣ್ಬೇಕು ಅನ್ನೋ ಆಸೆ ತಪ್ಪಲ್ಲ, ನಮ್ಮ ಹಳೇ ಮನೆಯವ್ರೂ ನೋಡ್ತಿದ್ರು, ಆದ್ರೆ ತೆಂಗು ಗಾಳಿಮರದ ಹಿಂದೆ ಕೂತು ನೋಡ್ತಿದ್ರು. ಮೇಸ್ತ್ರಿ ಪೇಪರಿನ ಅಂಚಲ್ಲಿ ಗೀರಿ ತೋರ್ಸಿದ್ರು: ಚಿರೇಕಲ್ಲು ಗೋಡೆ, ಪಶ್ಚಿಮಕ್ಕೆ ಅಗಲ ಜಗಲಿ, ಅದರ ಮೇಲೆ ತಗ್ಗಿಗೆ ಇಳ್ಸಿದ ಹೆಂಚಿನ ಮಾಡು, ಗಾಜು ಬೇಕಿದ್ರೆ ಜಗಲಿ ನೆರಳಿನ ಒಳಗೆ. ನಿಂತ್ರೆ ಮಾಡಿನ ಅಂಚು ಅಡ್ಡ ಬರ್ತದೆ, ಕೂತ್ರೆ ಎರಡು ತೆಂಗಿನ ಮಧ್ಯ ಒಂದು ತುಂಡು ಸಮುದ್ರ. ನಂಗೆ ಕೇಳಿದ್ರೆ ಆ ಒಂದು ತುಂಡೇ ಸಾಕು, ಇಡೀ ದಿನ ಇಡೀ ಸಮುದ್ರ ಎದ್ರಿಗಿದ್ರೆ ಮೂರನೇ ವಾರಕ್ಕೆ ಪರದೆ ಹಾಕ್ತಾರೆ.

ರಾತ್ರಿ ಲೈಟಿಂದೂ ಮಾತು ಬಂತು. ಚಳಿಗಾಲದಲ್ಲಿ ಈ ಕಡೆ ಕಡಲ ದಂಡೆ ಮೇಲೆ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡ್ತವೆ, ಮರಿಗಳು ಬೆಳಕು ಇದ್ದ ಕಡೆ ಹರೀತವೆ. ಗಾಜಿನ ಮನೇಲಿ ಲೈಟ್ ಹಾಕಿದ್ರೆ ಭಾವನ ಮನೆಗೆ ಅವೇ ಗೃಹಪ್ರವೇಶ ಮಾಡೂವು.

ಭಾವ ಸೋತ. ಸರಿ, ಜಗಲಿನೇ ಮಾಡುವಾ, ಗಾಳಿ ಆಡ್ತದೆ, ಮಾಡೂ ಇದೆ, ಎರಡು ಆರಾಮ್ ಕುರ್ಚಿ ಹಾಕಿ...

ಅಷ್ಟೊತ್ತು ಒಳಗಿಂದ ಬರೀ ಚಾ ಕಳಿಸ್ತಿದ್ದ ಅಕ್ಕ ಬಾಗ್ಲಿಗೆ ಬಂದು ನಿಂತ್ಲು. "ಅಲ್ರೀ, ಈ ಪ್ಲಾನಲ್ಲಿ ಮಳೆಗಾಲಕ್ಕೆ ಬಟ್ಟೆ ಎಲ್ಲಿ ಒಣಗ್ಸೂದು?"

ಭಾವ ಪ್ಲಾನ್ ದೊಡ್ದು ಮಾಡಿದ, ಸಣ್ದು ಮಾಡಿದ, ತಿರುಗ್ಸಿದ. ನಾವೆಲ್ಲ ಮೇಲಿದ್ದ ಟವೆಲ್ಲು ನೋಡಿದ್ವಿ. ಮೇಸ್ತ್ರಿ ಕಿವಿ ಮೇಲಿನ ಪೆನ್ಸಿಲ್ ತೆಗ್ದು, ಆ ಪೇಪರಲ್ಲಿ ಜಗಲಿಯ ಈ ಕಂಬದಿಂದ ಆ ಕಂಬಕ್ಕೆ, ಸರಿಯಾಗಿ ಸಮುದ್ರದ ಎದ್ರಿಗೆ, ಉದ್ದಕ್ಕೆ ಒಂದು ಗೆರೆ ಎಳೆದ್ರು.

"ಹುಕ್ಕು 316ದೇ ಹಾಕ್ವಾ" ಅಂದ್ರು.