ಗೇರುಹಣ್ಣಿನ ರಸದ ವಿಟಮಿನ್ ಸಿ ಸೆನ್ಸರ್ ಪಟ್ಟಿಯಲ್ಲಿ ಗೊತ್ತಾಗುತ್ತದಾ?

ಪ್ರಶ್ನೆ (ಕಾರ್ಕಳ): ಸರ್, ನಾವು ಮನೆಯಲ್ಲೇ ಗೇರುಹಣ್ಣಿನ ಸಿರಪ್ ಮಾಡಿ ಉಡುಪಿಯ ಅಂಗಡಿಗಳಿಗೆ ಕೊಡುತ್ತೇವೆ. ಶುಗರ್ ನೋಡುವ ಪಟ್ಟಿಯ ಹಾಗೆ ವಿಟಮಿನ್ ಸಿ ಅಳೆಯುವ ತೆಳುಪದರದ ಸೆನ್ಸರ್ ಉಂಟಂತೆ. ಅದರಲ್ಲಿ ಬಂದ ಅಂಕೆಯನ್ನು ಲೇಬಲಿಗೆ ಹಾಕಬಹುದಾ?

ಉತ್ತರ: ಸೆನ್ಸರ್ ಉಂಟು ಅಕ್ಕ, ಒಳ್ಳೆಯ ವಿಧಾನವೇ. ಪಟ್ಟಿಯ ಇಂಗಾಲದ ಇಲೆಕ್ಟ್ರೋಡಿನ ಮೇಲೆ ಚಿನ್ನದ ನ್ಯಾನೋಕಣಗಳನ್ನೋ ಪಾಲಿಅನಿಲಿನ್‌ನಂಥ ವಿದ್ಯುತ್ ಹರಿಯುವ ಪಾಲಿಮರನ್ನೋ ತೆಳ್ಳಗೆ ಲೇಪಿಸಿರುತ್ತಾರೆ. ಸಣ್ಣ ವೋಲ್ಟೇಜ್ ಕೊಟ್ಟರೆ ಆಸ್ಕಾರ್ಬಿಕ್ ಆಮ್ಲದ (ಅಂದರೆ ವಿಟಮಿನ್ ಸಿಯ) ಒಂದೊಂದು ಅಣುವೂ 2 ಇಲೆಕ್ಟ್ರಾನ್ ಬಿಟ್ಟುಕೊಟ್ಟು ಡಿಹೈಡ್ರೋಆಸ್ಕಾರ್ಬಿಕ್ ಆಮ್ಲವಾಗುತ್ತದೆ. ಆ ಕರೆಂಟನ್ನು ಅಳೆಯುವುದು. ಬರೀ ಇಂಗಾಲವಾದರೆ ವೋಲ್ಟೇಜ್ ಜಾಸ್ತಿ ಬೇಕು, ಆಗ ರಸದಲ್ಲಿರುವ ಬೇರೆ ವಸ್ತುಗಳೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಆ ವೋಲ್ಟೇಜನ್ನು ಇಳಿಸುವುದೇ ಪದರದ ಕೆಲಸ.

ಆದರೆ ಗೇರುಹಣ್ಣಿಗೆ ಇಷ್ಟು ಸಾಲದು. ಗಂಟಲು ಹಿಡಿಯುವ ಆ ಒಗರು ಇದೆಯಲ್ಲ, ಅದು ಟ್ಯಾನಿನ್. ಅದೂ ಇಲೆಕ್ಟ್ರಾನ್ ಕೊಡುತ್ತದೆ, ಅಂಕೆ ಸುಳ್ಳೇ ಏರುತ್ತದೆ. ಮೇಲಿಂದ ಪದರಕ್ಕೆ ಅಂಟಿಕೊಂಡು ಮುಂದಿನ ಅಳತೆಯನ್ನೂ ಕೆಡಿಸುತ್ತದೆ. ಸಾಬಕ್ಕಿ ಗಂಜಿ ಹಾಕಿ ತಿಳಿ ಮಾಡಿದ ರಸದಲ್ಲಿ ಈ ತೊಂದರೆ ಕಡಿಮೆ, ಪೂರ್ತಿ ಹೋಗುವುದಿಲ್ಲ. ನಾನಾದರೆ ರಸವನ್ನು ಎರಡು ಪಾಲು ಮಾಡಿ, ಒಂದಕ್ಕೆ ಆಸ್ಕಾರ್ಬೇಟ್ ಆಕ್ಸಿಡೇಸ್ ಎಂಬ ಕಿಣ್ವ ಹಾಕಿ ವಿಟಮಿನ್ ಸಿ ತೆಗೆದು, ಎರಡರ ಕರೆಂಟಿನ ವ್ಯತ್ಯಾಸ ನೋಡುತ್ತೇನೆ. ಆ ವ್ಯತ್ಯಾಸವನ್ನು ನಂಬಬಹುದು.

ಪ್ರಶ್ನೆ (ಸುರತ್ಕಲ್): ಪುನರ್ಪುಳಿಗೆ (ಕೋಕಂ) ಆಗುತ್ತದಾ ಸರ್? ಕಾಲೇಜಿನಲ್ಲಿ ನೀಲಿ ಡೈ ಹನಿಹನಿಯಾಗಿ ಹಾಕಿ ವಿಟಮಿನ್ ಸಿ ಅಳೆಯುವ ಟೈಟ್ರೇಶನ್ ಮಾಡಿದ್ದೆವು, ಕೆಂಪು ರಸದಲ್ಲಿ ಏನೂ ಕಾಣಲಿಲ್ಲ.

ಉತ್ತರ: ಕಾಣುವುದಿಲ್ಲ. ಆ ಟೈಟ್ರೇಶನ್ ಮುಗಿಯುವುದೇ ತಿಳಿ ಗುಲಾಬಿ ಬಣ್ಣದಲ್ಲಿ. ಸೆನ್ಸರಿಗೆ ಬಣ್ಣದ ಹಂಗಿಲ್ಲ. ಆದರೆ ಪುನರ್ಪುಳಿಯ ಕೆಂಪಿಗೆ ಕಾರಣವಾದ ಆಂಥೋಸಯಾನಿನ್ ಕೂಡ ಇಲೆಕ್ಟ್ರಾನ್ ಕೊಡುವಂಥದ್ದೇ, ಕಿಣ್ವದ ಪರೀಕ್ಷೆ ಇಲ್ಲಿಯೂ ಬೇಕು.

ಪ್ರಶ್ನೆ (ಕಾರ್ಕಳ): ಹಾಗಾದರೆ ನಮ್ಮಂಥವರಿಗೆ ಪ್ರಯೋಜನ ಇಲ್ವಾ?

ಉತ್ತರ: ಉಂಟು ಅಕ್ಕ, ಖಂಡಿತ ಉಂಟು. ಲೇಬಲಿನ ಅಂಕೆಗೆ ಮಾತ್ರ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನಲ್ಲಿ ಎಚ್‌ಪಿಎಲ್‌ಸಿ, ಅಂದರೆ ರಸದ ವಸ್ತುಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಪರೀಕ್ಷೆ, ಮಾಡಿಸಿ. ಜನ ನಂಬಿ ಕುಡಿಯುವುದಲ್ವಾ. ನಿಮ್ಮ ತಯಾರಿಯಲ್ಲಿ ಎಲ್ಲಿ ನಷ್ಟವಾಗುತ್ತದೆ ಎಂದು ಹುಡುಕಲು ಪಟ್ಟಿ ತುಂಬಾ ಉಪಕಾರಿ. ಒಂದೇ ರಸ, ಒಂದೇ ಪ್ರಮಾಣದ ನೀರು, ಒಂದೇ ಪಿಎಚ್ (ಹುಳಿಯ ಮಟ್ಟ) ಇಟ್ಟುಕೊಳ್ಳಿ, ಪ್ರತಿ ಸಲ ಹೊಸ ಪಟ್ಟಿ. ತಾಮ್ರದ ಪಾತ್ರೆ ಬೇಡವೇ ಬೇಡ, ತಾಮ್ರ ವಿಟಮಿನ್ ಸಿಯನ್ನು ಬೇಗ ಕೆಡಿಸುತ್ತದೆ. ಹಿಂಡಿದ ಕೂಡಲೇ ಒಂದು ಅಳತೆ, ಕುದಿಸಿದ ಮೇಲೆ ಇನ್ನೊಂದು ತೆಗೆದು ಇಲ್ಲಿ ಹಾಕಿ, ನೋಡುವ.